ಶಿಲೀಂಧ್ರ ಸೋಂಕಿಗೆ ರೋಗನಿರೋಧಕ ಕೋಶಗಳ ಪ್ರತಿಕ್ರಿಯೆ: ಪ್ರೋಟೀನುಗಳ ಮಟ್ಟದಲ್ಲಿ

ಶಿಲೀಂಧ್ರವೊಂದು ದೇಹದೊಳಕ್ಕೆ ಹೊಕ್ಕಾಗ ರಕ್ತದ ಬಿಳಿಕಣಗಳೂ ಅಂಗಾಂಶಗಳಲ್ಲಿ ನೆಲೆಸಿರುವ ಭಕ್ಷಕಕೋಶಗಳೂ ಅದನ್ನು ಗುರುತಿಸಿ, ನುಂಗಿ, ಕೊಲ್ಲುತ್ತವೆ. ಈ ಕೆಲಸದಲ್ಲಿ ಕೋಶದ ಪ್ರೋಟೀನುಗಳ ಪ್ರಮಾಣ, ರೂಪ ಮತ್ತು ನೆಲೆಯಲ್ಲಿ ಆಗುವ ಬದಲಾವಣೆಗಳೇ ಈ ಲೇಖನದ ವಿಷಯ. ಬಹುಕಾಲ ಇದನ್ನು ವಂಶವಾಹಿಗಳ ಕಡೆಯಿಂದಲೇ ನೋಡಲಾಗುತ್ತಿತ್ತು. ಯಾವ ವಂಶವಾಹಿ ಚುರುಕಾಯಿತು, ಅದರಿಂದ ಎಷ್ಟು ಆರ್‌ಎನ್‌ಎ ತಯಾರಾಯಿತು ಎಂಬ ಲೆಕ್ಕವೇ ಮುಖ್ಯವಾಗಿತ್ತು. ಆದರೆ ಶಿಲೀಂಧ್ರ ತಾಗಿದ ಮೊದಲ ಕೆಲವು ನಿಮಿಷಗಳಲ್ಲಿ ಹೊಸ ಪ್ರೋಟೀನು ತಯಾರಿಸಲು ಕೋಶಕ್ಕೆ ಸಮಯವೇ ಇರುವುದಿಲ್ಲ. ಆಗ ಒದಗುವುದು ಮೊದಲೇ ಕೂಡಿಟ್ಟ ಸರಕು. ಅದಕ್ಕೆ ಫಾಸ್ಫೇಟ್ ಅಂಟಿಸುವುದು, ಅದನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು, ಕತ್ತರಿಸುವುದು, ಕೋಶದ ಹೊರಕ್ಕೆ ಚೆಲ್ಲುವುದು ಇವೇ ಮೊದಲ ಪ್ರತಿಕ್ರಿಯೆ. ಎಷ್ಟು ಪ್ರೋಟೀನು ಇದೆ ಎನ್ನುವುದಕ್ಕಿಂತ ಅದು ಎಲ್ಲಿದೆ, ಯಾವ ರೂಪದಲ್ಲಿದೆ ಎಂಬುದೇ ಎಷ್ಟೋ ಸಲ ಸೋಂಕಿನ ಗತಿಯನ್ನು ತೀರ್ಮಾನಿಸುತ್ತದೆ.

ಆರೋಗ್ಯವಂತರೂ ದಿನಕ್ಕೆ ನೂರಾರು ಆಸ್ಪರ್ಜಿಲಸ್ ಬೀಜಕಗಳನ್ನು ಉಸಿರಿನೊಡನೆ ಒಳಕ್ಕೆ ಎಳೆದುಕೊಳ್ಳುತ್ತಾರೆ. ಕ್ಯಾಂಡಿಡ ಆಲ್ಬಿಕನ್ಸ್ ಎಂಬ ಯೀಸ್ಟು ಬಹಳಷ್ಟು ಜನರ ಬಾಯಲ್ಲೂ ಕರುಳಿನಲ್ಲೂ ತೊಂದರೆ ಕೊಡದೆ ವಾಸಿಸುತ್ತದೆ. ಕಾಯಿಲೆ ಬೀಳುವವರು ಕೆಲವರೇ, ಆದರೆ ಅವರಲ್ಲಿ ಸಾವಿನ ಪ್ರಮಾಣ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯಲ್ಲಿ 19 ಹೆಸರುಗಳಿದ್ದು, ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್, ಕ್ಯಾಂಡಿಡ ಆರಿಸ್, ಆಸ್ಪರ್ಜಿಲಸ್ ಫ್ಯುಮಿಗೇಟಸ್ ಮತ್ತು ಕ್ಯಾಂಡಿಡ ಆಲ್ಬಿಕನ್ಸ್ ಮೊದಲ ದರ್ಜೆಯಲ್ಲಿವೆ.

ಚರಿತ್ರೆ

ರೋಗಾಣುವನ್ನು ನುಂಗುವ ಕೋಶಗಳು ಇವೆಯೆಂಬ ವಾದಕ್ಕೆ ಆಧಾರ ಒದಗಿಸಿದ್ದೇ ಶಿಲೀಂಧ್ರ ಎಂಬುದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಇಲ್ಯಾ ಮೆಚ್ನಿಕಾಫ್ 1884ರಲ್ಲಿ ಡಾಫ್ನಿಯ ಎಂಬ ಪಾರದರ್ಶಕ ಜಲಕೀಟವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಅದರ ಕರುಳನ್ನು ಚುಚ್ಚಿ ಒಳಬಂದ ಯೀಸ್ಟಿನ ಸೂಜಿಯಾಕಾರದ ಬೀಜಕಗಳನ್ನು ಭಕ್ಷಕಕೋಶಗಳು ಮುತ್ತಿ ಕರಗಿಸುವುದನ್ನು ವರದಿ ಮಾಡಿದ. ಆ ಶಿಲೀಂಧ್ರಕ್ಕೆ ಈಗ ಅವನ ಹೆಸರೇ ಇದೆ: ಮೆಚ್ನಿಕೋವಿಯ. 1908ರ ನೊಬೆಲ್ ಪ್ರಶಸ್ತಿಯಲ್ಲಿ ಅವನೂ ಪಾಲುದಾರ.

ಮುಂದಿನ ಶತಮಾನವೆಲ್ಲ ಬ್ಯಾಕ್ಟೀರಿಯ, ವೈರಸ್ಸುಗಳದೇ ಆಯಿತು. ಶಿಲೀಂಧ್ರ ಮತ್ತೆ ಮುನ್ನೆಲೆಗೆ ಬಂದದ್ದು 1996ರಲ್ಲಿ. ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನಲ್ಲಿ ಬ್ರೂನೊ ಲಮೆಟ್ರ್, ಜೂಲ್ಸ್ ಹಾಫ್‌ಮನ್ ಮತ್ತು ಸಂಗಡಿಗರು ಟೋಲ್ ಎಂಬ ಪ್ರೋಟೀನು ಕೆಟ್ಟ ಹಣ್ಣುನೊಣಗಳಿಗೆ ಆಸ್ಪರ್ಜಿಲಸ್ ತಗುಲಿಸಿದಾಗ ನೊಣದ ಮೈಯಿಂದ ಶಿಲೀಂಧ್ರದ ಎಳೆಗಳು ಹೊರಚಾಚಿದ್ದವು. ಬ್ಯಾಕ್ಟೀರಿಯದ ವಿರುದ್ಧ ಅದೇ ನೊಣಗಳು ಬಹುಮಟ್ಟಿಗೆ ಚೆನ್ನಾಗಿಯೇ ಹೋರಾಡಿದವು. ಹಾಫ್‌ಮನ್‌ಗೆ 2011ರಲ್ಲಿ ನೊಬೆಲ್ ಬಂತು. ಮನುಷ್ಯರಲ್ಲೂ ಇರುವ ಟೋಲ್ ಮಾದರಿಯ ಗ್ರಾಹಿಗಳ (ರೋಗಾಣುವನ್ನು ಗುರುತಿಸುವ ಪ್ರೋಟೀನುಗಳ) ಹುಡುಕಾಟಕ್ಕೆ ಇದು ದಾರಿ ಮಾಡಿತು. ವಿಚಿತ್ರವೆಂದರೆ ಮನುಷ್ಯರ ಶಿಲೀಂಧ್ರ ರೋಗಗಳಲ್ಲಿ ಟೋಲ್ ಗ್ರಾಹಿಗಳ ಪಾತ್ರ ಎರಡನೆಯ ಸಾಲಿನದು. ಮೊದಲ ಸಾಲಿನಲ್ಲಿರುವುದು ಸಕ್ಕರೆಗಳನ್ನು ಹಿಡಿಯುವ ಲೆಕ್ಟಿನ್ ಜಾತಿಯ ಬೇರೊಂದು ಗುಂಪು. ಅದರ ಮುಖ್ಯ ಸದಸ್ಯ ಡೆಕ್ಟಿನ್-1. ಇದು ಬೀಟಾ-ಗ್ಲೂಕಾನ್ ಎಂಬ ಸಕ್ಕರೆ ಸರಪಳಿಯನ್ನು ಹಿಡಿಯುವ ಗ್ರಾಹಿಯೆಂದು 2001ರಲ್ಲಿ ಆಕ್ಸ್‌ಫರ್ಡಿನ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ ತೋರಿಸಿಕೊಟ್ಟರು.

ಗುರುತಿಸುವಿಕೆ

ಶಿಲೀಂಧ್ರದ ಕೋಶಭಿತ್ತಿಯಲ್ಲಿ ಒಳಗಡೆ ಕೈಟಿನ್, ಅದರ ಮೇಲೆ ಬೀಟಾ-ಗ್ಲೂಕಾನ್, ಎಲ್ಲಕ್ಕಿಂತ ಹೊರಗೆ ಜಾತಿಗೊಂದು ಬಗೆಯ ಹೊದಿಕೆ ಇರುತ್ತದೆ. ಮನುಷ್ಯನ ಕೋಶಗಳಲ್ಲಿ ಬೀಟಾ-ಗ್ಲೂಕಾನ್ ಇಲ್ಲ. ಹಾಗಾಗಿ ಅದು ಕಂಡರೆ ಬಂದವನು ಹೊರಗಿನವನು ಎಂದೇ ಅರ್ಥ. ಶಿಲೀಂಧ್ರಗಳಿಗೂ ಅದನ್ನು ಬಚ್ಚಿಡುವ ಉಪಾಯಗಳಿವೆ. ಕ್ಯಾಂಡಿಡ ಅದರ ಮೇಲೆ ಮ್ಯಾನ್ನಾನ್ ಎಂಬ ಇನ್ನೊಂದು ಸಕ್ಕರೆ ಸರಪಳಿಯ ದಟ್ಟ ಪದರ ಹೊದಿಸುತ್ತದೆ. ಆಸ್ಪರ್ಜಿಲಸ್ ಬೀಜಕಕ್ಕೆ ರಾಡ್‌ಎ ಎಂಬ ನೀರಂಟದ ಪ್ರೋಟೀನಿನ ಕವಚವೂ ಮೆಲನಿನ್ ಬಣ್ಣವೂ ಇವೆ. ಕ್ರಿಪ್ಟೊಕಾಕಸ್ಸಿಗೆ ದಪ್ಪನೆಯ ಲೋಳೆಗವಸು. ಹಿಸ್ಟೊಪ್ಲಾಸ್ಮ ಇನ್ನೂ ಜಾಣ: ಹೊರಗೆ ಇಣುಕಿದ ಗ್ಲೂಕಾನ್ ತುದಿಗಳನ್ನು ಇಎನ್‌ಜಿ1 ಎಂಬ ಕಿಣ್ವದಿಂದ ತಾನೇ ಕತ್ತರಿಸಿ ಹಾಕುತ್ತದೆ.

ಇಂಥ ಹೊದಿಕೆಗಳನ್ನು ಹಿಡಿಯುವ ಬೇರೆ ಗ್ರಾಹಿಗಳೂ ದೇಹದಲ್ಲಿವೆ. ಡೆಕ್ಟಿನ್-2 ಮ್ಯಾನ್ನಾನನ್ನು ಹಿಡಿಯುತ್ತದೆ. ಮೆಲ್‌ಲೆಕ್ ಎಂಬುದು ಆಸ್ಪರ್ಜಿಲಸ್ಸಿನ ಮೆಲನಿನ್ನನ್ನು ಗುರುತಿಸುತ್ತದೆಂದು 2018ರಲ್ಲಿ ತಿಳಿಯಿತು. ಕೋಶದ ಹೊರಗೆ, ರಕ್ತ ಮತ್ತು ಶ್ವಾಸಕೋಶದ ದ್ರವದಲ್ಲಿ ತೇಲುವ ಪ್ರೋಟೀನುಗಳೂ ಇವೆ. ಕಾಂಪ್ಲಿಮೆಂಟ್ ಸಿ3, ಪೆಂಟ್ರಾಕ್ಸಿನ್-3, ಶ್ವಾಸಕೋಶದ ಸರ್ಫ್ಯಾಕ್ಟೆಂಟ್ ಪ್ರೋಟೀನುಗಳು ಶಿಲೀಂಧ್ರದ ಮೈಗೆ ಅಂಟಿಕೊಂಡು ಭಕ್ಷಕಕೋಶಗಳಿಗೆ ಅದನ್ನು ಹಿಡಿದುಕೊಡುತ್ತವೆ.

ಡೆಕ್ಟಿನ್-1 ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. ನೀರಿನಲ್ಲಿ ಕರಗಿದ ಬೀಟಾ-ಗ್ಲೂಕಾನೂ ಈ ಗ್ರಾಹಿಗೆ ಅಂಟುತ್ತದೆ, ಆದರೆ ಕೋಶ ಅದಕ್ಕೆ ಸ್ಪಂದಿಸುವುದಿಲ್ಲ. ಅದೇ ಗ್ಲೂಕಾನ್ ಯೀಸ್ಟಿನ ಗಟ್ಟಿ ಗೋಡೆಯ ಭಾಗವಾಗಿ ಬಂದರೆ ಕೋಶ ಕೆರಳುತ್ತದೆ. ಕಾರಣ ಹೀಗೆ: ಕೋಶಪೊರೆಯಲ್ಲಿ ಸಿಡಿ45 ಮತ್ತು ಸಿಡಿ148 ಎಂಬ ಎರಡು ಪ್ರೋಟೀನುಗಳಿವೆ. ಫಾಸ್ಫೇಟನ್ನು ಕಿತ್ತುಹಾಕುವುದು ಅವುಗಳ ಕೆಲಸ, ಅಂದರೆ ಅವು ಸಂಕೇತವನ್ನು ಆರಿಸುತ್ತಲೇ ಇರುತ್ತವೆ. ಗ್ರಾಹಿಗಳು ಗಟ್ಟಿ ಗೋಡೆಯನ್ನು ಬಿಗಿಯಾಗಿ ಹಿಡಿದುಕೊಂಡಾಗ ಎರಡು ಮೈಗಳ ನಡುವಿನ ಸಂದು ಕಿರಿದಾಗಿ, ಉದ್ದನೆಯ ಈ ಎರಡು ಪ್ರೋಟೀನುಗಳು ಅಲ್ಲಿಂದ ಪಕ್ಕಕ್ಕೆ ತಳ್ಳಲ್ಪಡುತ್ತವೆ. ಆರಿಸುವವರು ದೂರವಾದ ಮೇಲೆ ಸಂಕೇತ ಹೊತ್ತಿಕೊಳ್ಳುತ್ತದೆ. 2011ರಲ್ಲಿ ಪ್ರಕಟವಾದ ಈ ವಿವರಣೆಯಲ್ಲಿ ಹೊಸದಾಗಿ ತಯಾರಾದ ಪ್ರೋಟೀನು ಒಂದೂ ಇಲ್ಲ. ಇದ್ದ ಪ್ರೋಟೀನುಗಳು ಜಾಗ ಬದಲಿಸಿದವು, ಅಷ್ಟೆ.

ಸಂಕೇತದ ದಾರಿ

ಡೆಕ್ಟಿನ್-1ರ ಒಳತುದಿಯ ಟೈರೋಸಿನ್‌ಗೆ ಫಾಸ್ಫೇಟ್ ಅಂಟುತ್ತಲೇ ಸಿಕ್ ಎಂಬ ಕೈನೇಸ್ (ಫಾಸ್ಫೇಟ್ ಅಂಟಿಸುವ ಕಿಣ್ವ) ಬಂದು ಕೂರುತ್ತದೆ. ಅದು ಪ್ರೋಟೀನ್ ಕೈನೇಸ್ ಸಿ-ಡೆಲ್ಟಾವನ್ನು ಚುರುಕುಗೊಳಿಸುತ್ತದೆ, ಅದು ಕಾರ್ಡ್9 ಎಂಬ ಪ್ರೋಟೀನಿನ 231ನೆಯ ಅಮೈನೊ ಆಮ್ಲವಾದ ಥ್ರಿಯೋನಿನ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಆಗ ಕಾರ್ಡ್9, ಬಿಸಿಎಲ್10 ಮತ್ತು ಮಾಲ್ಟ್1 ಒಟ್ಟುಗೂಡಿ, ವಂಶವಾಹಿಗಳನ್ನು ಚುರುಕುಗೊಳಿಸುವ ಎನ್‌ಎಫ್-ಕಪ್ಪಾ-ಬಿಯನ್ನು ಕೋಶಕೇಂದ್ರಕ್ಕೆ ಕಳಿಸುತ್ತವೆ. ಉರಿಯೂತದ ವಂಶವಾಹಿಗಳು ತೆರೆದುಕೊಳ್ಳುವುದು ಇಲ್ಲಿಂದ ಮುಂದೆ. ಆರ್‌ಎನ್‌ಎ ಅಳೆಯುವ ಪ್ರಯೋಗಗಳಿಗೆ ಕಾಣುವುದು ಈ ಕೊನೆಯ ಹಂತ ಮಾತ್ರ.

ಈ ಸರಪಳಿಯ ಮಹತ್ವ ಪ್ರಯೋಗಾಲಯದ ಇಲಿಗಳಿಗಿಂತ ರೋಗಿಗಳಲ್ಲಿ ಸ್ಪಷ್ಟವಾಗಿ ಕಂಡಿತು. 2009ರಲ್ಲಿ ಎರಡು ಕುಟುಂಬಗಳ ವಿವರ ಒಟ್ಟಿಗೇ ಪ್ರಕಟವಾಯಿತು. ನೆದರ್ಲೆಂಡ್ಸಿನ ಕುಟುಂಬದಲ್ಲಿ ಡೆಕ್ಟಿನ್-1 ಪೂರ್ಣಗೊಳ್ಳುವ ಮೊದಲೇ ಮುಗಿದುಹೋಗುವ ದೋಷವಿತ್ತು. ಅವರಿಗೆ ಮರುಕಳಿಸುವ ಯೋನಿಯ ಕ್ಯಾಂಡಿಡ ಸೋಂಕು ಮತ್ತು ಉಗುರಿನ ಶಿಲೀಂಧ್ರ ಕಾಟ ಕೊಟ್ಟವು, ಜೀವಾಪಾಯ ಆಗಲಿಲ್ಲ. ಇರಾನಿನ ಕುಟುಂಬದಲ್ಲಿ ಕಾರ್ಡ್9 ಕೆಟ್ಟಿತ್ತು. ಅಲ್ಲಿ ಕ್ಯಾಂಡಿಡ ಮಿದುಳನ್ನೂ ಹೊಕ್ಕು ಸಾವುಗಳಾದವು. ಗ್ರಾಹಿಗಳು ಹಲವಿರುವುದರಿಂದ ಒಂದು ಕೆಟ್ಟರೆ ಇನ್ನೊಂದು ಸಾವರಿಸಿಕೊಳ್ಳುತ್ತದೆ. ಆ ಗ್ರಾಹಿಗಳ ದಾರಿಗಳೆಲ್ಲ ಕೂಡುವ ಕಾರ್ಡ್9 ಕೆಟ್ಟರೆ ಬದಲಿ ಇಲ್ಲ. ಬಾಕಿ ಸೋಂಕುಗಳಿಗೆ ಈ ರೋಗಿಗಳು ಬಹುಮಟ್ಟಿಗೆ ಸಾಮಾನ್ಯರಂತೆಯೇ ಪ್ರತಿಕ್ರಿಯಿಸುತ್ತಾರೆ ಎಂಬುದು ಗಮನಾರ್ಹ.

ಔಷಧಗಳೂ ಅರಿವಿಲ್ಲದೆ ಇದೇ ಪಾಠ ಕಲಿಸಿವೆ. ರಕ್ತದ ಕ್ಯಾನ್ಸರಿಗೆ ಕೊಡುವ ಇಬ್ರುಟಿನಿಬ್ ಎಂಬ ಮಾತ್ರೆ ಈ ಸಂಕೇತದ ದಾರಿಯಲ್ಲೂ ಬರುವ ಬಿಟಿಕೆ ಎಂಬ ಕೈನೇಸನ್ನು ತಡೆಯುತ್ತದೆ. ಅದನ್ನು ತೆಗೆದುಕೊಂಡ ಕೆಲವರಲ್ಲಿ ಮಿದುಳಿನ ಆಸ್ಪರ್ಜಿಲಸ್ ಸೋಂಕು ಕಾಣಿಸಿಕೊಂಡಾಗ, ಭಕ್ಷಕಕೋಶಗಳಿಗೂ ಆ ಕೈನೇಸ್ ಎಷ್ಟು ಬೇಕು ಎಂಬುದು ಮನದಟ್ಟಾಯಿತು.

ಸಂಕೇತಕ್ಕೆ ಕಡಿವಾಣವೂ ಇದೆ. ಸಿಬಿಎಲ್-ಬಿ ಎಂಬ ಕಿಣ್ವ ಡೆಕ್ಟಿನ್‌ಗಳಿಗೂ ಸಿಕ್‌ಗೂ ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನಿನ ಗುರುತು ಅಂಟಿಸಿ ಅವನ್ನು ವಿಲೇವಾರಿಗೆ ಕಳಿಸುತ್ತದೆ. ಈ ಕಿಣ್ವವಿಲ್ಲದ ಇಲಿಗಳು ಕ್ಯಾಂಡಿಡವನ್ನು ಹೆಚ್ಚು ಸಮರ್ಥವಾಗಿ ತೊಲಗಿಸುತ್ತವೆಂದು 2016ರಲ್ಲಿ ಎರಡು ತಂಡಗಳು ತೋರಿಸಿದವು.

ಅಳೆಯುವ ವಿಧಾನ

ಕೋಶವೊಂದರ ಎಲ್ಲ ಪ್ರೋಟೀನುಗಳನ್ನು ಒಟ್ಟಿಗೆ ಅಳೆಯುವ ವಿದ್ಯೆಗೆ ಪ್ರೋಟಿಯೋಮಿಕ್ಸ್ ಎಂದು ಹೆಸರು. ಸೋಂಕಿತ ಕೋಶಗಳನ್ನು ಒಡೆದು, ಪ್ರೋಟೀನುಗಳನ್ನು ಟ್ರಿಪ್ಸಿನ್ ಕಿಣ್ವದಿಂದ ಸಣ್ಣ ತುಂಡುಗಳಾಗಿ ಕತ್ತರಿಸಿ, ದ್ರವ ಕ್ರೊಮ್ಯಾಟೋಗ್ರಫಿಯಿಂದ ಬೇರ್ಪಡಿಸಿ, ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ ತುಂಡುಗಳ ತೂಕ ನೋಡುತ್ತಾರೆ. ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಒಡೆಯದೆ ಆವಿಯಾಗಿಸಿ ತೂಗುವ ವಿಧಾನಗಳಿಗಾಗಿ ಜಾನ್ ಫೆನ್ ಮತ್ತು ಕೊಯಿಚಿ ತನಾಕ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಪಡೆದರು. ಫಾಸ್ಫೇಟ್ ಅಂಟಿದ ತುಂಡುಗಳನ್ನು ಮಾತ್ರ ಟೈಟಾನಿಯಂ ಡೈಆಕ್ಸೈಡಿನಿಂದ ಸೋಸಿ ತೆಗೆಯುವ ಉಪಾಯವೂ ಇದೆ. ಕೈನೇಸ್ ಸರಪಳಿಗಳ ಚಟುವಟಿಕೆ ಗೊತ್ತಾಗುವುದು ಅದರಿಂದ.

ಶಿಲೀಂಧ್ರ ಸೋಂಕಿನಲ್ಲಿ ಈ ಕೆಲಸ ಹೇಳಿದಷ್ಟು ಸುಲಭವಲ್ಲ. ಅಂಗಾಂಶದ ಭಕ್ಷಕಕೋಶವಾದ ಮ್ಯಾಕ್ರೊಫೇಜು ಯೀಸ್ಟನ್ನು ನುಂಗಿದ ಮೇಲೆ ಕೋಶವನ್ನು ಒಡೆದರೆ ಬರುವುದು ಎರಡು ಜೀವಿಗಳ ಪ್ರೋಟೀನು ಕಲಸಿದ ರಸ. ಎರಡೂ ಕೋಶಕೇಂದ್ರವುಳ್ಳ ಜೀವಿಗಳಾದ್ದರಿಂದ ಆಕ್ಟಿನ್, ಟ್ಯುಬುಲಿನ್‌ನಂಥ ಪ್ರೋಟೀನುಗಳ ತುಂಡುಗಳು ಹೋಲುತ್ತವೆ, ಯಾವುದು ಯಾರದೆಂದು ಬಿಡಿಸುವುದು ಕಷ್ಟ. ರಕ್ತದ ಬಿಳಿಕಣಗಳ ಒಂದು ಬಗೆಯಾದ ನ್ಯೂಟ್ರೊಫಿಲ್‌ಗಳದ್ದು ಬೇರೆಯೇ ತೊಡಕು. ಅವುಗಳ ಕಣಿಕೆಗಳ ತುಂಬ ಪ್ರೋಟೀನು ಕತ್ತರಿಸುವ ಕಿಣ್ವಗಳೇ ಇರುವುದರಿಂದ, ಕೋಶ ಒಡೆದ ಕೂಡಲೇ ತಡೆ ಹಾಕದಿದ್ದರೆ ಮಾದರಿಯೇ ಜೀರ್ಣವಾಗಿಹೋಗುತ್ತದೆ. ಜೊತೆಗೆ ಕೆಲವೇ ಪ್ರೋಟೀನುಗಳು ರಾಶಿರಾಶಿಯಾಗಿದ್ದು, ವಿರಳವಾದ ಸಂಕೇತ ಪ್ರೋಟೀನುಗಳು ಅವುಗಳಡಿ ಮುಚ್ಚಿಹೋಗುತ್ತವೆ.

ಇಷ್ಟಾದರೂ ಫಲ ಸಿಕ್ಕಿದೆ. ಮ್ಯಾಡ್ರಿಡ್ಡಿನ ಕಾಂಪ್ಲುಟೆನ್ಸೆ ವಿಶ್ವವಿದ್ಯಾಲಯದ ಕೊಂಚಾ ಗಿಲ್ ಅವರ ತಂಡ ಕ್ಯಾಂಡಿಡದೊಂದಿಗೆ ಮುಖಾಮುಖಿಯಾದ ಮ್ಯಾಕ್ರೊಫೇಜುಗಳ ಪ್ರೋಟೀನುಗಳನ್ನು ವರ್ಷಗಟ್ಟಲೆ ಪಟ್ಟಿಮಾಡಿದೆ. ಫಿನ್ಲೆಂಡಿನ ಸಂಶೋಧಕರು 2014ರಲ್ಲಿ ಬೀಟಾ-ಗ್ಲೂಕಾನ್ ತಾಗಿದ ಮಾನವ ಮ್ಯಾಕ್ರೊಫೇಜು ಹೊರಚೆಲ್ಲುವುದನ್ನು ಪರೀಕ್ಷಿಸಿದಾಗ, ಮಾಮೂಲು ಸ್ರವಿಕೆಯ ದಾರಿಯನ್ನು ಬಿಟ್ಟು ಆಟೊಫೇಜಿಯ (ಕೋಶ ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವ ಕ್ರಿಯೆಯ) ನೆರವಿನಿಂದ ಅಡ್ಡದಾರಿಯಲ್ಲಿ ದೊಡ್ಡ ಪ್ರಮಾಣದ ಪ್ರೋಟೀನುಗಳು ಹೊರಬರುತ್ತಿದ್ದುದು ಕಂಡಿತು.

ನ್ಯೂಟ್ರೊಫಿಲ್

ಶಿಲೀಂಧ್ರದ ವಿರುದ್ಧ ನ್ಯೂಟ್ರೊಫಿಲ್ಲಿಗೆ ಸಮನಾದ ಕೋಶ ಇನ್ನೊಂದಿಲ್ಲ. ಕೀಮೊಥೆರಪಿಯಿಂದ ಅದರ ಸಂಖ್ಯೆ ಕುಸಿದಾಗ ಆಸ್ಪರ್ಜಿಲಸ್ ಎರಗುವುದನ್ನು ಕ್ಯಾನ್ಸರ್ ವಾರ್ಡಿನ ವೈದ್ಯರೆಲ್ಲ ಬಲ್ಲರು.

ಅದರ ಮೊದಲ ಆಯುಧ ಎನ್‌ಎಡಿಪಿಎಚ್ ಆಕ್ಸಿಡೇಸ್. ಈ ಕಿಣ್ವದ ಬಿಡಿಭಾಗಗಳನ್ನು ಕೋಶ ಬೇರೆಬೇರೆ ಕಡೆ ಇಟ್ಟಿರುತ್ತದೆ: ಜಿಪಿ91 ಮತ್ತು ಪಿ22 ಪೊರೆಯಲ್ಲಿ, ಪಿ47, ಪಿ67, ಪಿ40 ಕೋಶದ್ರವದಲ್ಲಿ. ಪಿ47ಕ್ಕೆ ಫಾಸ್ಫೇಟ್ ಅಂಟಿದಾಗ ಅದರ ಮಡಿಕೆ ಬಿಚ್ಚಿಕೊಂಡು ಭಾಗಗಳೆಲ್ಲ ಪೊರೆಯಲ್ಲಿ ಕೂಡಿ, ಆಮ್ಲಜನಕದಿಂದ ಸೂಪರ್‌ಆಕ್ಸೈಡ್ ತಯಾರಾಗುತ್ತದೆ. ಯಾವುದಾದರೂ ಒಂದು ಭಾಗ ಹುಟ್ಟಿನಿಂದಲೇ ಕೆಟ್ಟಿದ್ದರೆ ಅದು ಕ್ರಾನಿಕ್ ಗ್ರ್ಯಾನ್ಯುಲೊಮ್ಯಾಟಸ್ ಕಾಯಿಲೆ. ಅಂಥ ಮಕ್ಕಳ ಸಾವಿಗೆ ಆಸ್ಪರ್ಜಿಲಸ್ ಪ್ರಮುಖ ಕಾರಣಗಳಲ್ಲೊಂದು. ಇದೇ ಸರಪಳಿಯ ಮುಂದಿನ ಕಿಣ್ವವಾದ ಮೈಲೊಪೆರಾಕ್ಸಿಡೇಸ್ ಇಲ್ಲದವರು ಮಾತ್ರ ಬಹುತೇಕ ಆರೋಗ್ಯವಾಗಿಯೇ ಇರುತ್ತಾರೆ. ಸಕ್ಕರೆ ಕಾಯಿಲೆಯೂ ಇದ್ದಾಗ ಕೆಲವರಿಗೆ ಕ್ಯಾಂಡಿಡ ಕಾಡುತ್ತದೆ. ಪ್ರೋಟೀನುಗಳ ಪಟ್ಟಿಯನ್ನಷ್ಟೇ ನೋಡಿ ಯಾವುದು ಮುಖ್ಯ ಎಂದು ಊಹಿಸುವುದು ಎಷ್ಟು ಅಪಾಯಕರ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಎರಡನೆಯದು ಕ್ಯಾಲ್‌ಪ್ರೊಟೆಕ್ಟಿನ್. ಎಸ್100ಎ8 ಮತ್ತು ಎಸ್100ಎ9 ಎಂಬ ಎರಡು ಸಣ್ಣ ಪ್ರೋಟೀನುಗಳ ಜೋಡಿ ಇದು. ನ್ಯೂಟ್ರೊಫಿಲ್ಲಿನ ಕೋಶದ್ರವದ ಪ್ರೋಟೀನಿನಲ್ಲಿ ಸುಮಾರು ಶೇ 40ರಷ್ಟು ಇದೊಂದೇ. ಅದು ಕೊಲ್ಲುವುದು ಚುಚ್ಚಿಯೂ ಅಲ್ಲ, ಸುಟ್ಟೂ ಅಲ್ಲ, ಉಪವಾಸ ಕೆಡವಿ. ಸತು ಮತ್ತು ಮ್ಯಾಂಗನೀಸ್ ಅಯಾನುಗಳನ್ನು ಬಿಗಿಯಾಗಿ ಹಿಡಿದುಕೊಂಡು ಶಿಲೀಂಧ್ರಕ್ಕೆ ಸಿಗದಂತೆ ಮಾಡುತ್ತದೆ. ಕ್ಯಾಂಡಿಡ ಸುಮ್ಮನಿರುವುದಿಲ್ಲ. ಪಿಆರ್‌ಎ1 ಎಂಬ ಪ್ರೋಟೀನನ್ನು ಹೊರಬಿಟ್ಟು ಸುತ್ತಲಿನ ಸತುವನ್ನು ಹೆಕ್ಕಿ ತರಿಸಿಕೊಳ್ಳುತ್ತದೆ. ಕರುಳಿನ ಉರಿಯೂತವನ್ನು ತಿಳಿಯಲು ಮಲದ ಮಾದರಿಯಲ್ಲಿ ಲ್ಯಾಬಿನವರು ಅಳೆಯುವ ಕ್ಯಾಲ್‌ಪ್ರೊಟೆಕ್ಟಿನ್ ಇದೇ. ಅದು ಹೆಚ್ಚಿದೆಯೆಂದರೆ ಅಲ್ಲಿ ನ್ಯೂಟ್ರೊಫಿಲ್‌ಗಳು ನೆರೆದಿವೆ ಎಂದು ಅರ್ಥ.

ಮೂರನೆಯದು ಬಲೆ. ಅಗತ್ಯ ಬಿದ್ದಾಗ ನ್ಯೂಟ್ರೊಫಿಲ್ ತನ್ನ ಡಿಎನ್‌ಎಯನ್ನೇ ಬಿಚ್ಚಿ ಹೊರಕ್ಕೆ ಎಸೆಯುತ್ತದೆಂದು ಬರ್ಲಿನ್ನಿನ ಆರ್ಟುರೊ ಜಿಕ್ಲಿನ್ಸ್ಕಿ ಅವರ ತಂಡ 2004ರಲ್ಲಿ ವರದಿ ಮಾಡಿತು. ಅದೇ ತಂಡ 2009ರಲ್ಲಿ ಬಲೆಯನ್ನು ಪ್ರೋಟಿಯೋಮಿಕ್ಸಿಗೆ ಒಡ್ಡಿದಾಗ ಅದರಲ್ಲಿ 24 ಪ್ರೋಟೀನುಗಳು ಸಿಕ್ಕವು. ಹಿಸ್ಟೋನ್, ಇಲಾಸ್ಟೇಸ್, ಮೈಲೊಪೆರಾಕ್ಸಿಡೇಸ್ ಜೊತೆಗೆ ಕ್ಯಾಲ್‌ಪ್ರೊಟೆಕ್ಟಿನೂ ಅಲ್ಲಿತ್ತು. ಅದನ್ನು ತೆಗೆದರೆ ಬಲೆ ಕ್ಯಾಂಡಿಡದ ಮೇಲಿನ ಹಿಡಿತ ಕಳೆದುಕೊಂಡಿತು.

ಬಲೆ ಯಾವಾಗ ಬೀಸಬೇಕು ಎಂಬ ನಿರ್ಧಾರದ ಹಿಂದಿನ ಸಂಗತಿ ಇನ್ನೂ ಸ್ವಾರಸ್ಯಕರ. ಯೀಸ್ಟಿನ ಉರುಟು ಕೋಶ ಎದುರಾದರೆ ನ್ಯೂಟ್ರೊಫಿಲ್ ಅದನ್ನು ನುಂಗುತ್ತದೆ, ಉದ್ದನೆಯ ಎಳೆ ಎದುರಾದರೆ ನುಂಗಲಾಗದೆ ಬಲೆ ಬೀಸುತ್ತದೆ. ಗಾತ್ರ ಅದಕ್ಕೆ ತಿಳಿಯುವುದು ಹೇಗೆ? 2014ರಲ್ಲಿ ಸಿಕ್ಕ ಉತ್ತರದ ಪ್ರಕಾರ ಎಲ್ಲವೂ ಇಲಾಸ್ಟೇಸ್ ಎಂಬ ಕಿಣ್ವ ಎಲ್ಲಿ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಡೆಕ್ಟಿನ್-1ರ ಮೂಲಕ ಸಣ್ಣ ಯೀಸ್ಟನ್ನು ನುಂಗಿದಾಗ ಕಣಿಕೆಗಳು ಯೀಸ್ಟನ್ನು ಸುತ್ತುವರಿದ ನುಂಗುಚೀಲದೊಂದಿಗೆ ಬೆಸೆದು ಇಲಾಸ್ಟೇಸ್ ಅದರೊಳಗೇ ಸುರಿದುಹೋಗುತ್ತದೆ. ನುಂಗಲು ಆಗದಿದ್ದರೆ ಇಲಾಸ್ಟೇಸ್ ಕೋಶಕೇಂದ್ರಕ್ಕೆ ತೆರಳಿ, ಹಿಸ್ಟೋನ್‌ಗಳನ್ನು ಕತ್ತರಿಸಿ, ಡಿಎನ್‌ಎಯನ್ನು ಸಡಿಲಿಸುತ್ತದೆ. ಕಿಣ್ವ ಒಂದೇ, ಪ್ರಮಾಣವೂ ಅಷ್ಟೇ. ಚೀಲದಲ್ಲಿದ್ದರೆ ಯೀಸ್ಟಿನ ಸಾವು, ಕೇಂದ್ರದಲ್ಲಿದ್ದರೆ ನ್ಯೂಟ್ರೊಫಿಲ್ಲಿನದೇ ಸಾವು. ಕೋಶವನ್ನು ಇಡಿಯಾಗಿ ಅರೆದು ಅಳೆಯುವ ಯಾವ ಯಂತ್ರಕ್ಕೂ ಈ ವ್ಯತ್ಯಾಸ ಕಾಣದು.

ಮ್ಯಾಕ್ರೊಫೇಜು ಮತ್ತು ನುಂಗುಚೀಲ

ನುಂಗಿದ ಚೀಲ ಕ್ರಮೇಣ ಪಕ್ವವಾಗಬೇಕು. ಚೀಲಕ್ಕೆ ದಾರಿ ತೋರಿಸುವ ಪ್ರೋಟೀನುಗಳಲ್ಲಿ ಮೊದಲು ಅದರ ಮೇಲೆ ರ‍್ಯಾಬ್5, ಆಮೇಲೆ ರ‍್ಯಾಬ್7 ಕೂರುತ್ತದೆ. ಪಂಪುಗಳು ಬಂದು ಒಳಗನ್ನು ಹುಳಿಯಾಗಿಸುತ್ತವೆ, ಕೊನೆಗೆ ಲೈಸೊಸೋಮ್ ಬೆಸೆಯುತ್ತದೆ. ಆಸ್ಪರ್ಜಿಲಸ್ ಈ ಕ್ರಮವನ್ನು ಎರಡು ಕಡೆ ಕೆಡಿಸುತ್ತದೆ. ಬೀಜಕದ ಮೆಲನಿನ್ ಚೀಲದ ಕ್ಯಾಲ್ಸಿಯಮನ್ನು ಹಿಡಿದಿಟ್ಟು, ಚೀಲ ಪಕ್ವವಾಗಲು ನೆರವಾಗುವ ಎಲ್‌ಸಿ3 ಎಂಬ ಪ್ರೋಟೀನು ಅಲ್ಲಿಗೆ ಬಾರದಂತೆ ತಡೆಯುತ್ತದೆ. ಇನ್ನೊಂದನ್ನು ಜರ್ಮನಿಯ ಯೇನಾದಲ್ಲಿ ಆಕ್ಸೆಲ್ ಬ್ರಾಕಾಗೆ ಅವರ ತಂಡ 2023ರಲ್ಲಿ ಪ್ರಕಟಿಸಿತು. ಬೀಜಕದ ಮೈಮೇಲಿನ ಎಚ್‌ಎಸ್‌ಸಿಎ ಎಂಬ ಪ್ರೋಟೀನು ನಮ್ಮದೇ ಪಿ11 ಎಂಬ ಪ್ರೋಟೀನನ್ನು ಚೀಲದ ಮೇಲೆ ಕಟ್ಟಿಹಾಕುತ್ತದೆ. ಆಗ ರ‍್ಯಾಬ್7 ಬರಬೇಕಾದಲ್ಲಿ ರ‍್ಯಾಬ್11 ಬಂದು ಕೂತು, ಜೀರ್ಣಕ್ಕೆ ಹೋಗಬೇಕಿದ್ದ ಚೀಲ ಹೊರಹೋಗುವ ದಾರಿ ಹಿಡಿಯುತ್ತದೆ. ವಿಳಾಸ ತಿದ್ದಿದ ಅಂಚೆಯಂತೆ ಬೀಜಕ ಜೀವಂತವಾಗಿ ಈಚೆ ಬರುತ್ತದೆ.

ಕ್ಯಾಂಡಿಡ ಚೀಲದೊಳಗೇ ಎಳೆಯಾಗಿ ಬೆಳೆದು ಮ್ಯಾಕ್ರೊಫೇಜನ್ನು ಸೀಳುತ್ತದೆ. ಎಳೆಯ ರೂಪದಲ್ಲಿ ಅದು ಇಸಿಇ1 ಎಂಬ ಪ್ರೋಟೀನನ್ನು ತಯಾರಿಸಿ, ಅದನ್ನು ಕತ್ತರಿಸಿ, 31 ಅಮೈನೊ ಆಮ್ಲಗಳ ಕ್ಯಾಂಡಿಡಲೈಸಿನ್ ಎಂಬ ನಂಜನ್ನು ಬಿಡುತ್ತದೆ. ಲಂಡನ್ ಮತ್ತು ಯೇನಾದ ಸಂಶೋಧಕರು 2016ರಲ್ಲಿ ಇದನ್ನು ಪತ್ತೆಮಾಡುವವರೆಗೆ ಮನುಷ್ಯರನ್ನು ಕಾಡುವ ಶಿಲೀಂಧ್ರದಲ್ಲಿ ಪೊರೆ ಸೀಳುವ ಇಂಥ ಪೆಪ್ಟೈಡ್ ನಂಜು ಗೊತ್ತಿರಲಿಲ್ಲ. ನಂಜು ತಾಗಿದ ಮ್ಯಾಕ್ರೊಫೇಜಿನಲ್ಲಿ ಎನ್‌ಎಲ್‌ಆರ್‌ಪಿ3 ಸಂಕೀರ್ಣ ಕಟ್ಟಿಕೊಂಡು ಕ್ಯಾಸ್ಪೇಸ್-1 ಎಂಬ ಕಿಣ್ವ ಎಚ್ಚರಗೊಳ್ಳುತ್ತದೆ. ಅದು 31 ಕಿಲೋಡಾಲ್ಟನ್ ತೂಕದ ನಿಷ್ಕ್ರಿಯ ಇಂಟರ್‌ಲ್ಯೂಕಿನ್-1 ಬೀಟಾವನ್ನು ಕತ್ತರಿಸಿ 17 ಕಿಲೋಡಾಲ್ಟನ್ನಿನ ಸಕ್ರಿಯ ರೂಪಕ್ಕೆ ಇಳಿಸುತ್ತದೆ. ಜೊತೆಗೆ ಗ್ಯಾಸ್‌ಡರ್ಮಿನ್ ಡಿಯನ್ನೂ ಕತ್ತರಿಸುತ್ತದೆ, ಅದು ಪೊರೆಯಲ್ಲಿ ರಂಧ್ರ ಮಾಡುತ್ತದೆ. ಉರಿಯೂತಕ್ಕೆ ಕರೆ ಕೊಡುವ ಆ ಇಂಟರ್‌ಲ್ಯೂಕಿನ್ ಈ ರಂಧ್ರದಿಂದ ಹೊರಬರುತ್ತದೆ. ಅದೇ ರಂಧ್ರ ಕ್ಯಾಂಡಿಡ ತಪ್ಪಿಸಿಕೊಳ್ಳಲೂ ಒದಗುತ್ತದೆ ಎಂಬುದು ಈಚಿನ ಪ್ರಯೋಗಗಳ ತಿಳಿವಳಿಕೆ.

ಲೋಳೆಪೊರೆಯ ಕಾವಲು

ಬಾಯಿ, ಯೋನಿ, ಚರ್ಮಗಳಲ್ಲಿ ಕ್ಯಾಂಡಿಡವನ್ನು ಹತೋಟಿಯಲ್ಲಿಡುವುದು ಟಿ ಕೋಶಗಳು ಹೊರಡಿಸುವ ಇಂಟರ್‌ಲ್ಯೂಕಿನ್-17. ಅದರ ಅಥವಾ ಅದರ ಗ್ರಾಹಿಯ ದೋಷವಿರುವವರಲ್ಲಿ ಕ್ಯಾಂಡಿಡ ಜೀವನಪರ್ಯಂತ ಬಿಡುವುದಿಲ್ಲವೆಂದು 2011ರಲ್ಲಿ ತಿಳಿಯಿತು. ಸೋರಿಯಾಸಿಸ್‌ಗೆ ಕೊಡುವ ಸೆಕ್ಯುಕಿನುಮ್ಯಾಬ್ ಈ ಪ್ರೋಟೀನನ್ನೇ ತಡೆಯುವುದರಿಂದ, ಚುಚ್ಚುಮದ್ದು ಪಡೆದ ಕೆಲವರ ಬಾಯಲ್ಲಿ ಬಿಳಿ ಪದರ ಕಾಣಿಸಿಕೊಳ್ಳುತ್ತದೆ. ಎಚ್‌ಐವಿ ಬಾಧಿತರಲ್ಲಿ ಅದೇ ಪದರ ಬರಲು ಟಿ ಕೋಶಗಳ ನಾಶವೇ ಕಾರಣ. ಅವರಲ್ಲೂ ರಕ್ತದೊಳಗಿನ ಕ್ಯಾಂಡಿಡ ಸೋಂಕು ಹೆಚ್ಚಾಗಿ ಕಾಣದು. ರಕ್ತಕ್ಕೆ ನ್ಯೂಟ್ರೊಫಿಲ್ ಕಾವಲಿದೆ.

ಮ್ಯೂಕರ್: ಭಾರತದ ಅನುಭವ

2021ರ ಬೇಸಿಗೆಯಲ್ಲಿ ಕೊರೊನದ ಎರಡನೆಯ ಅಲೆಯೊಂದಿಗೆ ಬಂದ, ಪತ್ರಿಕೆಗಳು ಕಪ್ಪು ಶಿಲೀಂಧ್ರ ಎಂದು ಕರೆದ ಮ್ಯೂಕರ್‌ಮೈಕೋಸಿಸ್ ಕರ್ನಾಟಕದವರಿಗೆ ಚೆನ್ನಾಗಿ ನೆನಪಿದೆ. ಶಿಲೀಂಧ್ರನಾಶಕವಾದ ಆಂಫೊಟೆರಿಸಿನ್ ಚುಚ್ಚುಮದ್ದಿಗಾಗಿ ಮನೆಯವರು ಊರೂರು ಅಲೆದರು, ಎಷ್ಟೋ ಜನ ಕಣ್ಣು, ಮೇಲ್ದವಡೆ ಕಳೆದುಕೊಂಡರು. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡು ಎರಡೂ ಕೂಡಿದ್ದೇ ಇದಕ್ಕೆ ಮುಖ್ಯ ಕಾರಣವೆಂದು ವೈದ್ಯರು ಗುರುತಿಸಿದರು. ಪ್ರೋಟೀನುಗಳ ಮಟ್ಟದಲ್ಲಿ ಇದಕ್ಕೆ ವಿವರಣೆಯಿದೆ. ಜಿಆರ್‌ಪಿ78 ಎಂಬುದು ಕೋಶದೊಳಗೆ ಇತರ ಪ್ರೋಟೀನುಗಳ ಮಡಿಕೆ ಸರಿಪಡಿಸುವ ಸಾಧು ಪ್ರೋಟೀನು. ಸಕ್ಕರೆ, ಕೀಟೋನ್ ಮತ್ತು ಬಿಡಿ ಕಬ್ಬಿಣದ ಅಂಶ ಏರಿದಾಗ ರಕ್ತನಾಳದ ಒಳಪದರದ ಕೋಶಗಳಲ್ಲಿ ಅದು ಹೆಚ್ಚಿ ಹೊರಮೈಗೆ ಬಂದು ಕೂರುತ್ತದೆ. ಈ ರೋಗ ತರುವ ರೈಜೋಪಸ್ ಶಿಲೀಂಧ್ರದ ಸಿಒಟಿಎಚ್3 ಎಂಬ ಪ್ರೋಟೀನು ಅದನ್ನು ಹಿಡಿದು ರಕ್ತನಾಳದೊಳಕ್ಕೆ ನುಗ್ಗುತ್ತದೆ. ಅಶ್ರಫ್ ಇಬ್ರಾಹಿಂ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯದಲ್ಲಿ ಇದನ್ನು ಕಂಡುಕೊಂಡದ್ದು ಕೊರೊನಕ್ಕೆ ಎಷ್ಟೋ ವರ್ಷ ಮೊದಲು.

ಸ್ಟೀರಾಯ್ಡಿನ ಪಾಲು ಇನ್ನೊಂದು ಬಗೆಯದು. ಆಸ್ಪರ್ಜಿಲಸ್ ಮೇಲೆ ನಡೆದ 2013ರ ಅಧ್ಯಯನವೊಂದರಲ್ಲಿ ಸ್ಟೀರಾಯ್ಡು ಡೆಕ್ಟಿನ್-1ರ ಸಿಕ್ ಸಂಕೇತವನ್ನು ಕುಗ್ಗಿಸಿ, ನುಂಗುಚೀಲಕ್ಕೆ ಎಲ್‌ಸಿ3 ಬಾರದಂತೆ ಮಾಡಿತು. ಭಕ್ಷಕಕೋಶ ನುಂಗುವುದನ್ನು ನಿಲ್ಲಿಸಿರಲಿಲ್ಲ. ನುಂಗಿದ್ದನ್ನು ಕೊಲ್ಲಲು ಅದಕ್ಕೆ ಆಗುತ್ತಿರಲಿಲ್ಲ.

ಉಪಯೋಗಗಳು

ರೋಗಪತ್ತೆಯಲ್ಲಿ ಈ ತಿಳಿವಳಿಕೆ ಈಗಾಗಲೇ ಬಳಕೆಯಲ್ಲಿದೆ. ರಕ್ತದಲ್ಲಿ ಬೀಟಾ-ಗ್ಲೂಕಾನನ್ನು ಅಳೆಯುವ ಪರೀಕ್ಷೆ ನಿಂತಿರುವುದು ಹಾರ್ಸ್‌ಶೂ ಏಡಿಯ ರಕ್ತದ ಫ್ಯಾಕ್ಟರ್ ಜಿ ಎಂಬ ಪ್ರೋಟೀನಿನ ಮೇಲೆ. ಅಸ್ಥಿಮಜ್ಜೆ ಕಸಿಯಲ್ಲಿ ದಾನಿಯ ಪೆಂಟ್ರಾಕ್ಸಿನ್-3 ವಂಶವಾಹಿಯ ಒಂದು ಬಗೆ ಇದ್ದರೆ ಪಡೆದವರಿಗೆ ಆಸ್ಪರ್ಜಿಲಸ್ ಅಪಾಯ ಹೆಚ್ಚೆಂದು 2014ರಲ್ಲಿ ಗೊತ್ತಾಯಿತು. ಬೀಟಾ-ಗ್ಲೂಕಾನ್ ಒಮ್ಮೆ ತಾಗಿದ ಮಾನೋಸೈಟು ಎಂಬ ಬಿಳಿಕಣಗಳು ಮುಂದೆ ಬೇರೆ ಸೋಂಕುಗಳಿಗೂ ಹುರುಪಿನಿಂದ ಸ್ಪಂದಿಸುತ್ತವೆ ಎಂಬ ಶೋಧನೆ ನೆದರ್ಲೆಂಡ್ಸಿನ ನೈಮೇಖನ್‌ನದು. ಇದರ ಹೆಸರಿನಲ್ಲಿ ಅಣಬೆಯ ಪುಡಿ, ಮಾತ್ರೆಗಳನ್ನು ಮಾರುವವರು ಪ್ರಯೋಗಾಲಯದ ಫಲಿತಾಂಶವನ್ನು ತುಸು ಹೆಚ್ಚೇ ಎಳೆದಿದ್ದಾರೆ.

ಚಿಕಿತ್ಸೆಯಲ್ಲಿ ಇಂಟರ್‌ಫೆರಾನ್-ಗಾಮ ಚುಚ್ಚುಮದ್ದು ಕ್ರಾನಿಕ್ ಗ್ರ್ಯಾನ್ಯುಲೊಮ್ಯಾಟಸ್ ಕಾಯಿಲೆಯ ಮಕ್ಕಳಿಗೆ ದಶಕಗಳಿಂದ ಬಳಕೆಯಲ್ಲಿದೆ. ಕಾರ್ಡ್9 ದೋಷವಿರುವ ಕೆಲವರಿಗೆ ಭಕ್ಷಕಕೋಶಗಳನ್ನು ಉತ್ತೇಜಿಸುವ ಜಿಎಂ-ಸಿಎಸ್‌ಎಫ್ ಕೊಟ್ಟು ನೋಡಲಾಗಿದೆ. ಅಮೆರಿಕದ ಟೆಕ್ಸಸ್‌ನಲ್ಲಿ 2014ರಲ್ಲಿ ಸಂಶೋಧಕರು ಡೆಕ್ಟಿನ್-1ರ ಹೊರತುದಿಯನ್ನು ಟಿ ಕೋಶಗಳ ಸಂಕೇತ ಪ್ರೋಟೀನಿಗೆ ಬೆಸೆದರು. ಸಹಜವಾಗಿ ಬೀಟಾ-ಗ್ಲೂಕಾನ್ ಕಾಣದ ಟಿ ಕೋಶಗಳು ಆಗ ಅದನ್ನು ಗುರುತಿಸಿ, ಆಸ್ಪರ್ಜಿಲಸ್ ಎಳೆಗಳ ಬೆಳವಣಿಗೆಯನ್ನು ಪ್ರಯೋಗಾಲಯದಲ್ಲೂ ಇಲಿಗಳಲ್ಲೂ ತಗ್ಗಿಸಿದವು.